ಗೆರೆಯ ಪಕ್ಕದ ಮಾತಿಗೆ ಗೂಟ ಎಲ್ಲಿ?

ಅಚ್ಚಾದ ಗ್ರಾಫಿನಲ್ಲಿ ಗೆರೆಯ ಪಕ್ಕ ಬರೆದ ಒಂದು ಸಾಲು ಬರೆದ ಜಾಗದಲ್ಲೇ ಉಳಿಯುತ್ತದೆ; ಕಾಗದ ಹಳದಿಗಟ್ಟಿದರೂ ಆ ಸಾಲಿಗೂ ಅದು ಬೊಟ್ಟುಮಾಡುವ ಏರಿಳಿತಕ್ಕೂ ನಡುವಿನ ಅಂತರ ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಪರದೆಯ ಮೇಲಿನ ಗ್ರಾಫಿಗೆ ಈ ನೆಮ್ಮದಿಯಿಲ್ಲ. ಓದುಗರು ಬೆರಳಿನಿಂದ ಹಿಗ್ಗಿಸಬಹುದಾದ, ಪಕ್ಕಕ್ಕೆ ಸರಿಸಬಹುದಾದ, ಬೇಡದ ವರ್ಷಗಳನ್ನೋ ವಿಭಾಗಗಳನ್ನೋ ಸೋಸಿ ತೆಗೆಯಬಹುದಾದ ಇಂಥ ಗ್ರಾಫನ್ನು ಇಂಟರಾಕ್ಟಿವ್ ಚಾರ್ಟ್ ಎನ್ನುವುದು ರೂಢಿ. ಅದರ ಮೇಲೆ ರಚನಕಾರರು ಬರೆದಿಡುವ ಚಿಕ್ಕ ವಿವರಣೆಯೇ ಟಿಪ್ಪಣಿ. ಈ ಟಿಪ್ಪಣಿಯನ್ನು ಎಲ್ಲಿ ಇಡಬೇಕೆಂಬುದನ್ನು ಅಂದಚೆಂದಕ್ಕೆ ಸೇರಿದ ಕೊನೆಯ ಹಂತದ ಕೆಲಸವೆಂದು ಭಾವಿಸಿ, ಗೆರೆಗಳೆಲ್ಲ ಮುಗಿದ ಮೇಲೆ ಖಾಲಿ ಕಂಡ ಮೂಲೆಯಲ್ಲಿ ಅಂಟಿಸುವ ಅಭ್ಯಾಸ ವ್ಯಾಪಕವಾಗಿದೆ. ಆದರೆ ‘ಇಲ್ಲಿ’ ಎಂದು ಹೇಳುವ ಯಾವುದೇ ವಾಕ್ಯದಲ್ಲಿ ಆ ‘ಇಲ್ಲಿ’ಗೆ ಅರ್ಥ ಬರುವುದು ವಾಕ್ಯ ನಿಂತ ಜಾಗದಿಂದಲೇ ಆದ್ದರಿಂದ, ಜಾಗ ತಪ್ಪಿದರೆ ವಾಕ್ಯವೇ ತಪ್ಪುತ್ತದೆ, ಗ್ರಾಫು ಅಲುಗಾಡುವಂಥದ್ದಾದರೆ ಜಾಗ ತಪ್ಪುವ ಸಂಭವ ಪ್ರತಿ ಸ್ಪರ್ಶಕ್ಕೂ ಇರುತ್ತದೆ. ಟಿಪ್ಪಣಿಯನ್ನು ಬರೆಯುವವರು ಅದರ ಪದಗಳ ಜೊತೆಗೆ ಅದು ಯಾವುದಕ್ಕೆ ಕಟ್ಟಿದ ಮಾತು, ಯಾವ ನೋಟದವರೆಗೆ ಸಲ್ಲುವ ಮಾತು ಎಂಬುದನ್ನೂ ಬರೆದಿಡಬೇಕೆಂಬುದು ಈ ಲೇಖನದ ವಾದ.

ಮಾತನ್ನು ವಸ್ತುವಿನ ಪಕ್ಕದಲ್ಲೇ ಇಡಬೇಕೆಂಬ ಅರಿವು ಗ್ರಾಫಿನಷ್ಟೇ ಹಳೆಯದು. ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ 1786ರಲ್ಲಿ ಹೊರತಂದ ‘ಕಮರ್ಷಿಯಲ್ ಅಂಡ್ ಪೊಲಿಟಿಕಲ್ ಅಟ್ಲಾಸ್’ ಪುಸ್ತಕದಲ್ಲಿ, ಇಂಗ್ಲೆಂಡು 1700ರಿಂದ 1780ರವರೆಗೆ ಡೆನ್ಮಾರ್ಕ್ ಮತ್ತು ನಾರ್ವೆಗಳೊಂದಿಗೆ ನಡೆಸಿದ ವ್ಯಾಪಾರದ ಹಾಳೆಯೊಂದಿದೆ. ಆಮದಿನ ಗೆರೆಯ ಹೆಸರು ಆ ಗೆರೆಯ ಏರಿಳಿತದೊಂದಿಗೇ ಬಾಗುತ್ತ ಸಾಗುತ್ತದೆ, ರಫ್ತಿನ ಗೆರೆಯದೂ ಹಾಗೆಯೇ. ಶತಮಾನದ ನಡುಭಾಗದಲ್ಲಿ ಎರಡೂ ಒಂದನ್ನೊಂದು ದಾಟುವವರೆಗಿನ ಎಡೆಯಲ್ಲಿ ವ್ಯಾಪಾರದ ಶಿಲ್ಕು ಇಂಗ್ಲೆಂಡಿಗೆ ಪ್ರತಿಕೂಲವೆಂದೂ, ದಾಟಿದ ಮೇಲಿನ ಎಡೆಯಲ್ಲಿ ಅನುಕೂಲವೆಂದೂ ತಾಮ್ರದ ತಗಡಿನಲ್ಲಿ ಕೊರೆಯಲಾಗಿದೆ. ಮೂಲೆಯಲ್ಲಿ ಬಣ್ಣದ ಚೌಕಗಳನ್ನು ಜೋಡಿಸಿ ಯಾವ ಬಣ್ಣ ಯಾವುದಕ್ಕೆಂದು ತಿಳಿಸುವ ಸೂಚಿಪಟ್ಟಿ ಅಲ್ಲಿಲ್ಲ, ಅದರ ಅಗತ್ಯವೂ ಬೀಳುವುದಿಲ್ಲ. ಶಿಲ್ಕಿನ ಕುರಿತ ಆ ಎರಡು ಬರಹಗಳನ್ನು ಅದಲುಬದಲು ಮಾಡಿದರೆ ಅಂಕಿಗಳಲ್ಲಿ ಒಂದೂ ಬದಲಾಗದೆಯೇ ಹಾಳೆ ಸುಳ್ಳಾಗುತ್ತದೆ ಎಂಬುದನ್ನು ಗಮನಿಸಿದರೆ, ಟಿಪ್ಪಣಿಯ ಜಾಗಕ್ಕಿರುವ ಭಾರ ಎಷ್ಟೆಂದು ತಿಳಿಯುತ್ತದೆ.

ಜಾಗದ ಈ ವ್ಯಾಕರಣವನ್ನು ಹೆಚ್ಚು ಕಟ್ಟುನಿಟ್ಟಾಗಿ ಬರೆದಿಟ್ಟವರು ಗ್ರಾಫಿನವರಲ್ಲ, ಭೂಪಟದವರು. ಸ್ವಿಟ್ಜರ್ಲೆಂಡಿನ ಭೂಪಟಕಾರ ಎಡ್ವರ್ಡ್ ಇಮ್‌ಹೋಫ್ 1962ರಲ್ಲಿ ಜರ್ಮನ್ ಭಾಷೆಯಲ್ಲಿ ಬರೆದ, 1975ರಲ್ಲಿ ಇಂಗ್ಲಿಷಿಗೆ ಬಂದ ಪ್ರಬಂಧವೊಂದು ಭೂಪಟದಲ್ಲಿ ಹೆಸರುಗಳನ್ನು ಇಡುವ ಬಗೆಯನ್ನೇ ವಸ್ತುವಾಗಿಸಿಕೊಂಡಿದೆ. ಊರಿನ ಹೆಸರಿಗೆ ಚುಕ್ಕೆಯ ಬಲಮೇಲ್ಭಾಗ ಒಳ್ಳೆಯ ಜಾಗ. ಕಡಲ ದಡದ ಊರಿನ ಹೆಸರನ್ನು ನೀರಿನ ಮೇಲೆ ಬರೆಯಬೇಕು. ನದಿಯ ಒಂದು ದಡದಲ್ಲಿರುವ ಊರಿನ ಹೆಸರು ಅದೇ ದಡದಲ್ಲಿರಬೇಕು. ಕೊನೆಯ ನಿಯಮವನ್ನು ಕೊಂಚ ನಿಂತು ನೋಡಬೇಕು. ಹೆಸರು ನದಿಯನ್ನು ದಾಟಿ ಆಚೆ ದಡಕ್ಕೆ ಹೋದರೆ ಕಣ್ಣಿಗೇನೂ ಅಸಹ್ಯವಾಗುವುದಿಲ್ಲ, ಅಕ್ಷರಗಳು ಒಂದರ ಮೇಲೊಂದು ಬೀಳುವುದೂ ಇಲ್ಲ. ಆದರೂ ಅದು ತಪ್ಪು, ಏಕೆಂದರೆ ಊರು ಯಾವ ಕಡೆಯದೆಂದು ಹೆಸರಿನ ಜಾಗವೇ ಓದುಗರಿಗೆ ಹೇಳಿಬಿಡುತ್ತದೆ. ಅಂದದ ನಿಯಮ, ಅರ್ಥದ ನಿಯಮ ಎಂಬ ಎರಡು ಬಗೆಗಳು ಇಲ್ಲಿ ಬೇರೆಯಾಗಿ ಕಾಣುತ್ತವೆ. ಇಂದಿನ ಚಾರ್ಟ್ ತಂತ್ರಾಂಶಗಳು ಮೊದಲನೆಯದರಲ್ಲಿ ಪಳಗಿದಷ್ಟು ಎರಡನೆಯದರಲ್ಲಿ ಪಳಗಿಲ್ಲ.

ಇದನ್ನು ಒಂದು ಪ್ರಸಿದ್ಧ ಗೆರೆಯ ಮೇಲೆ ಹತ್ತಿರದಿಂದ ಪರೀಕ್ಷಿಸಬಹುದು. ಹವಾಯಿಯ ಮೌನಾ ಲೋವಾ ಜ್ವಾಲಾಮುಖಿಯ ಇಳಿಜಾರಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 3,400 ಮೀಟರ್ ಎತ್ತರದಲ್ಲಿರುವ ವೀಕ್ಷಣಾಲಯದಲ್ಲಿ, ಸ್ಕ್ರಿಪ್ಸ್ ಸಾಗರವಿಜ್ಞಾನ ಸಂಸ್ಥೆಯ ಚಾರ್ಲ್ಸ್ ಡೇವಿಡ್ ಕೀಲಿಂಗ್ 1958ರ ಮಾರ್ಚ್‌ನಲ್ಲಿ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡಿನ ಅಳತೆಯನ್ನು ಆರಂಭಿಸಿದರು. ಆಗ ಸಿಕ್ಕ ಮೊದಲ ಅಳತೆ ಸುಮಾರು 313 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಕಣಗಳಲ್ಲಿ 313. 2024ರ ವಾರ್ಷಿಕ ಸರಾಸರಿ 424ನ್ನು ದಾಟಿತ್ತು. ಕೀಲಿಂಗ್ ಗೆರೆಯೆಂದೇ ಹೆಸರಾದ ಈ ಗ್ರಾಫು ಗರಗಸದ ಹಲ್ಲಿನಂತಿದೆ: ಉತ್ತರ ಗೋಳಾರ್ಧದ ಗಿಡಮರಗಳು ಬೆಳೆಯುವ ಕಾಲದಲ್ಲಿ ಇಂಗಾಲವನ್ನು ಹೀರುವುದರಿಂದ, ಪ್ರತಿವರ್ಷವೂ ಮೇ ತಿಂಗಳಲ್ಲಿ ತುದಿ ಮುಟ್ಟಿದ ಗೆರೆ ಸೆಪ್ಟೆಂಬರಿನ ಹೊತ್ತಿಗೆ ಸುಮಾರು 6 ಪಿಪಿಎಂ ಕುಸಿದು ಮತ್ತೆ ಏರತೊಡಗುತ್ತದೆ, ಏರುವಾಗ ಹಿಂದಿನ ವರ್ಷದ ತುದಿಯನ್ನು ಮೀರಿಯೇ ನಿಲ್ಲುತ್ತದೆ.

ಈ ಗೆರೆಯ ಮೇಲೆ ‘400 ದಾಟಿದ್ದು ಇಲ್ಲಿ’ ಎಂಬ ಮೂರು ಪದಗಳ ಟಿಪ್ಪಣಿಯನ್ನು ಇಡಬೇಕಾಗಿದೆ ಎಂದುಕೊಳ್ಳುವುದು. ದಿನದ ಸರಾಸರಿಯನ್ನು ನೋಡಿದರೆ ಆ ಜಾಗ 2013ರ ಮೇ ತಿಂಗಳು. ಜಗತ್ತಿನ ಪತ್ರಿಕೆಗಳಲ್ಲೆಲ್ಲ ಸುದ್ದಿಯಾದದ್ದು ಅದೇ. ತಿಂಗಳ ಸರಾಸರಿಯ ಗೆರೆಯಲ್ಲಿ ಅದೇ ಮೇ ತಿಂಗಳ ಬಿಂದು 400ಕ್ಕಿಂತ ಒಂದು ಕೂದಲೆಳೆಯಷ್ಟು ಕೆಳಗಿದೆ, ಅಲ್ಲಿ ದಾಟಿದ ತಿಂಗಳೆಂದು ಪ್ರಕಟವಾದದ್ದು 2014ರ ಏಪ್ರಿಲ್. ವರ್ಷದ ಸರಾಸರಿಯ ಗೆರೆಯಲ್ಲಾದರೆ 2015. ಮೂರೂ ಸತ್ಯವೇ, ಆದರೆ ಒಂದೊಂದೂ ಅದರದರ ಗೆರೆಯ ಮೇಲೆ ಮಾತ್ರ ಸತ್ಯ. ಇಂಟರಾಕ್ಟಿವ್ ಚಾರ್ಟಿನಲ್ಲಿ ಈ ಮೂರು ಗೆರೆಗಳು ಒಂದೇ ಚೌಕಟ್ಟಿನೊಳಗೆ ಬಂದುಹೋಗುತ್ತವೆ, ಏಕೆಂದರೆ ಇಡೀ ಅವಧಿಯನ್ನು ತೋರಿಸುವಾಗ ವಾರ್ಷಿಕ ಸರಾಸರಿ, ಕೆಲವು ವರ್ಷಗಳಿಗೆ ಹಿಗ್ಗಿಸಿದಾಗ ತಿಂಗಳ ಸರಾಸರಿ, ಇನ್ನೂ ಒಳಹೊಕ್ಕಾಗ ದಿನದ ಅಳತೆ ಎಂದು ತಂತ್ರಾಂಶವೇ ಗೆರೆಯನ್ನು ಬದಲಾಯಿಸುವುದು ಸಾಮಾನ್ಯ. 2013ರ ಮೇ ತಿಂಗಳಿಗೆ ಕಟ್ಟಿದ ಟಿಪ್ಪಣಿ ಆಗಲೂ ಅಲ್ಲೇ ನಿಂತಿರುತ್ತದೆ, ಅದರ ಬಾಣದ ತುದಿ ಮಾತ್ರ 400ರ ಅಡ್ಡಗೆರೆಯಿಂದ ಕೆಳಗಿರುವ ಬಿಂದುವನ್ನು ತೋರಿಸುತ್ತ, ತನ್ನ ಮಾತನ್ನು ತಾನೇ ಅಲ್ಲಗಳೆಯುತ್ತಿರುತ್ತದೆ. ಇಡೀ ಗೆರೆಯನ್ನು ಫೋನಿನ ಪರದೆಯಲ್ಲಿ 360 ಪಿಕ್ಸೆಲ್ ಅಗಲಕ್ಕೆ, ಅಂದರೆ ಪರದೆಯ 360 ಚುಕ್ಕೆಗಳ ಅಗಲಕ್ಕೆ ಹೊಂದಿಸಿದರೆ, ಈ ಮೂರು ಜಾಗಗಳ ನಡುವಿನ ಅಂತರವೆಲ್ಲ ಸೇರಿ ಹತ್ತು-ಹನ್ನೆರಡು ಪಿಕ್ಸೆಲ್ ಆಗುವುದರಿಂದ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ಓದುಗರು ಸಂಶಯಪಟ್ಟು ಹಿಗ್ಗಿಸಿ ನೋಡಿದಾಗಲೇ, ಅಂದರೆ ಗ್ರಾಫನ್ನು ನಿಜವಾಗಿ ಓದತೊಡಗಿದಾಗಲೇ, ಅದು ಬಯಲಾಗುತ್ತದೆ.

ಇದರ ಹಿಂದೆ ಇನ್ನೊಂದು ಎಳೆಯೂ ಇದೆ. 2013ರ ಮೇ ತಿಂಗಳಲ್ಲಿ ಸುದ್ದಿಯಾದ ಆ ದಿನದ ಮೊದಲ ಲೆಕ್ಕದಲ್ಲಿ, ನೋವಾ ಎಂದು ಪರಿಚಿತವಾದ ಅಮೆರಿಕದ ಸರಕಾರಿ ಸಂಸ್ಥೆ 400ಕ್ಕಿಂತ ತುಸು ಮೇಲಿನ ಅಂಕಿಯನ್ನೂ ಸ್ಕ್ರಿಪ್ಸ್ ಸಂಸ್ಥೆ ತುಸು ಕೆಳಗಿನ ಅಂಕಿಯನ್ನೂ ಕೊಟ್ಟವು. ಒಬ್ಬರು ದಿನವನ್ನು ಜಾಗತಿಕ ಕಾಲಮಾನದಂತೆ, ಮತ್ತೊಬ್ಬರು ಹವಾಯಿಯ ಸ್ಥಳೀಯ ಕಾಲಮಾನದಂತೆ ಎಣಿಸಿದ್ದು ಇದಕ್ಕೆ ಮುಖ್ಯ ಕಾರಣ. ಮುಂದೆ 2021ರಲ್ಲಿ ಅಳತೆಯ ಮೂಲ ಮಾನದಂಡವನ್ನೇ ಪರಿಷ್ಕರಿಸಿದಾಗ, 400ರ ಆಸುಪಾಸಿನ ಹಳೆಯ ಅಂಕಿಗಳು ಸುಮಾರು 0.2 ಪಿಪಿಎಂನಷ್ಟು ಮೇಲೇರಿದವು. ಟಿಪ್ಪಣಿಯನ್ನು ಅಡ್ಡಕ್ಕೊಂದು ಸಂಖ್ಯೆ ಲಂಬಕ್ಕೊಂದು ಸಂಖ್ಯೆ ಎಂದು ಕೈಯಾರೆ ಬರೆದಿಟ್ಟವರ ಬಾಣಗಳು ಇಂಥ ಪರಿಷ್ಕರಣೆಯಾದಾಗ ಗೆರೆಯಿಂದ ಕಳಚಿ ಗಾಳಿಯಲ್ಲಿ ನಿಲ್ಲುತ್ತವೆ. ದಿನಾಂಕವನ್ನಷ್ಟೇ ಹೇಳಿ ಎತ್ತರವನ್ನು ದತ್ತಾಂಶದಿಂದ ಆಗಿಂದಾಗ್ಗೆ ಹುಡುಕಿಕೊಳ್ಳುವಂತೆ ಮಾಡಿದವರ ಬಾಣಗಳು ಗೆರೆಯೊಂದಿಗೇ ಏರುತ್ತವೆ. ಇನ್ನೂ ಎಚ್ಚರದವರು ದಿನಾಂಕವನ್ನೂ ಬರೆಯದೆ, ‘ಈಗ ಕಾಣುತ್ತಿರುವ ಗೆರೆ ಮೊದಲ ಬಾರಿಗೆ 400ಕ್ಕಿಂತ ಮೇಲೆ ಹೋದ ಬಿಂದು’ ಎಂಬ ನಿಯಮವನ್ನೇ ಬರೆದಾರು. ಆಗ ದಿನದ ಗೆರೆಯಲ್ಲಿ 2013ಕ್ಕೂ ತಿಂಗಳ ಗೆರೆಯಲ್ಲಿ 2014ಕ್ಕೂ ವರ್ಷದ ಗೆರೆಯಲ್ಲಿ 2015ಕ್ಕೂ ಟಿಪ್ಪಣಿ ತಾನಾಗಿ ಸರಿದು ನಿಲ್ಲುತ್ತದೆ, ಪಕ್ಕದಲ್ಲಿ ‘ತಿಂಗಳ ಸರಾಸರಿಯಲ್ಲಿ’ ಎಂಬಂಥ ಎರಡು ಪದ ಸೇರಿಸಿದರೆ ಮಾತು ಪೂರ್ತಿಯಾಗುತ್ತದೆ.

ಇಲ್ಲಿಂದ ತಾಂತ್ರಿಕ ವಿಷಯಕ್ಕೆ ಬರಬಹುದು. ಟಿಪ್ಪಣಿಗೆ ಎರಡು ಅಂಗಗಳಿವೆ: ಅದು ಯಾವುದನ್ನು ಕುರಿತದ್ದೋ ಆ ಬಿಂದು ಒಂದು, ಅಕ್ಷರಗಳು ನಿಲ್ಲುವ ಜಾಗ ಇನ್ನೊಂದು. ದನವನ್ನು ಮೇಯಲು ಕಟ್ಟುವವರ ಮಾತಿನಲ್ಲಿ ಮೊದಲನೆಯದನ್ನು ಗೂಟವೆಂದೂ, ಅವೆರಡರ ನಡುವಿನ ಅಂತರವನ್ನು ಹಗ್ಗವೆಂದೂ ಕರೆದರೆ ಇಡೀ ವಿಚಾರ ಸುಲಭವಾಗುತ್ತದೆ. ಚಾರ್ಟಿನಲ್ಲಿ ಅಳೆಯಲು ಮೂರು ಬಗೆಯ ಕೋಲುಗಳಿವೆ. ದತ್ತಾಂಶದ ಕೋಲು ದಿನಾಂಕ ಮತ್ತು ಪಿಪಿಎಂಗಳಲ್ಲಿ ಅಳೆಯುತ್ತದೆ. ಚೌಕಟ್ಟಿನ ಕೋಲು ಎಡತುದಿಯನ್ನು 0 ಎಂದೂ ಬಲತುದಿಯನ್ನು 1 ಎಂದೂ ಎಣಿಸುತ್ತದೆ. ಪರದೆಯ ಕೋಲು ಪಿಕ್ಸೆಲ್‌ಗಳಲ್ಲಿ ಅಳೆಯುತ್ತದೆ. ಪೈಥಾನ್ ಭಾಷೆಯವರು ಬಳಸುವ ಮ್ಯಾಟ್‌ಪ್ಲಾಟ್‌ಲಿಬ್ ಆಗಲಿ ಬ್ರೌಸರಿನಲ್ಲಿ ನಡೆಯುವ ಪ್ಲಾಟ್ಲಿ ಆಗಲಿ ಗೂಟಕ್ಕೊಂದು ಕೋಲು, ಹಗ್ಗಕ್ಕೊಂದು ಕೋಲು ಆರಿಸಿಕೊಳ್ಳಲು ಬಿಡುತ್ತವೆ, ಮತ್ತು ಅನುಭವಸ್ಥರು ಗೂಟವನ್ನು ದತ್ತಾಂಶದಲ್ಲಿಯೂ ಹಗ್ಗವನ್ನು ಪರದೆಯ ಅಳತೆಯಲ್ಲಿಯೂ ಇಡುತ್ತಾರೆ. ಕಾರಣ ಸರಳವಾಗಿದೆ. ಹಗ್ಗವನ್ನೂ ದತ್ತಾಂಶದ ಕೋಲಿನಿಂದ ಅಳೆದು ‘ಬಿಂದುವಿನಿಂದ ಎರಡು ವರ್ಷ ಬಲಕ್ಕೆ’ ಎಂದು ಬರೆದರೆ, ಓದುಗರು ಒಂದೇ ವರ್ಷಕ್ಕೆ ಹಿಗ್ಗಿಸಿದ ಕೂಡಲೇ ಅಕ್ಷರಗಳು ಪರದೆಯ ಆಚೆಗೆ ಹೋಗಿ ಬಾಣದ ತುದಿ ಒಂಟಿಯಾಗಿ ಉಳಿಯುತ್ತದೆ. ಗೂಟವನ್ನೇ ಪಿಕ್ಸೆಲ್ಲಿನಲ್ಲಿ ಹೊಡೆದರೆ ಅದಕ್ಕಿಂತ ಕೆಟ್ಟದ್ದು: ಗೆರೆ ಸರಿಯುತ್ತದೆ, ಟಿಪ್ಪಣಿ ಸರಿಯುವುದಿಲ್ಲ, 2013ರ ಮಾತು 1987ರ ಮೇಲೆ ಕುಳಿತಿರುತ್ತದೆ. ಚೌಕಟ್ಟಿನ ಕೋಲು ಸಲ್ಲುವುದು ಮೂಲದ ಉಲ್ಲೇಖ, ಅಳತೆಯ ಘಟಕ ಮುಂತಾದ, ಇಡೀ ಚಿತ್ರಕ್ಕೆ ಅನ್ವಯಿಸುವ ಮಾತುಗಳಿಗೆ ಮಾತ್ರ.

ಪ್ಲಾಟ್ಲಿಯಲ್ಲಿ ಒಂದು ಹೊಂಡವಿದೆ, ಹೊಸಬರು ಅದರಲ್ಲಿ ಬೀಳದೆ ಇರುವುದು ಅಪರೂಪ. ಅಕ್ಷವು ಲಘುಗಣಕದ ಮಾನದಲ್ಲಿದ್ದರೆ, ಅಂದರೆ 10, 100, 1000 ಎಂಬ ಹೆಜ್ಜೆಗಳು ಸಮಾನ ದೂರದಲ್ಲಿದ್ದರೆ, ಟಿಪ್ಪಣಿಯ ಗೂಟಕ್ಕೆ 1000 ಎಂದು ಬರೆಯಬಾರದು, ಅದರ ಲಘುಗಣಕವಾದ 3 ಎಂದು ಬರೆಯಬೇಕು. ಮರೆತು 1000 ಎಂದೇ ಬರೆದರೆ ಗೂಟವು ಒಂದರ ಮುಂದೆ ಸಾವಿರ ಸೊನ್ನೆಗಳಿರುವ ಎತ್ತರದಲ್ಲಿ ನೆಟ್ಟುಕೊಳ್ಳುತ್ತದೆ. ಟಿಪ್ಪಣಿ ಎಲ್ಲಿ ಹೋಯಿತೆಂದು ಹುಡುಕುವವರಿಗೆ ಅದು ಪರದೆಯ ಯಾವ ಮೂಲೆಯಲ್ಲೂ ಸಿಗುವುದಿಲ್ಲ.

ಹಿಗ್ಗಿಸುವ ಮತ್ತು ಸರಿಸುವ ಚಲನೆಯಲ್ಲಿ ಟಿಪ್ಪಣಿಗಳು ಹೇಗೆ ನಡೆದುಕೊಳ್ಳಬೇಕೆಂಬುದಕ್ಕೂ ಭೂಪಟದವರೇ ಮಾರ್ಗ ಹಾಕಿದ್ದಾರೆ. ಕೆನ್ ಬೀನ್, ಈಲೈ ಡೈಚಿಸ್ ಮತ್ತು ಚೀ ಯಾಪ್ ಎಂಬ ಸಂಶೋಧಕರು 2006ರಲ್ಲಿ ಮುಂದಿಟ್ಟ ಬಯಕೆಪಟ್ಟಿಯ ಪ್ರಕಾರ, ಕಾಣುತ್ತಿರುವ ಹೆಸರು ಹಿಗ್ಗಿಸುವಾಗ ಮಾಯವಾಗಬಾರದು, ಕಾಣದಿದ್ದ ಹೆಸರು ಕುಗ್ಗಿಸುವಾಗ ಹೊಸದಾಗಿ ಹುಟ್ಟಬಾರದು, ಹೆಸರಿನ ಜಾಗ ನೆಗೆಯದೆ ಜಾರುತ್ತ ಬದಲಾಗಬೇಕು, ಮತ್ತು ಒಂದು ನೋಟಕ್ಕೆ ಯಾವ ದಾರಿಯಿಂದ ಬಂದರೂ ಹೆಸರುಗಳ ಜೋಡಣೆ ಒಂದೇ ಆಗಿರಬೇಕು. ಕೊನೆಯ ಬಯಕೆ ಚಾರ್ಟಿಗೆ ಬಹಳ ಮುಖ್ಯ. ಒಂದೇ ಅವಧಿಯನ್ನು ಇಬ್ಬರು ಓದುಗರು ಬೇರೆ ಬೇರೆ ಹಾದಿಯಲ್ಲಿ ತಲುಪಿ ಬೇರೆ ಬೇರೆ ಟಿಪ್ಪಣಿಗಳನ್ನು ಕಂಡರೆ ಅವರಿಬ್ಬರೂ ಒಂದೇ ಗ್ರಾಫನ್ನು ಕುರಿತು ಚರ್ಚಿಸುತ್ತಿದ್ದಾರೆಂದು ಹೇಳಲಾಗದು. ಗೂಟವೇ ನೋಟದಿಂದ ಹೊರಹೋದಾಗ ಏನು ಮಾಡಬೇಕೆಂಬುದರಲ್ಲಿ ಮಾತ್ರ ಒಮ್ಮತವಿಲ್ಲ. ಕೆಲವು ತಂತ್ರಾಂಶಗಳು ಟಿಪ್ಪಣಿಯನ್ನು ಚೌಕಟ್ಟಿನ ಅಂಚಿಗೆ ಒತ್ತಿ ನಿಲ್ಲಿಸುತ್ತವೆ. ಅಂಚಿನಲ್ಲಿ ನಿಂತ ಮಾತು ಅಂಚಿನ ಬಿಂದುವನ್ನು ಕುರಿತದ್ದೆಂದೇ ಓದಿಸಿಕೊಳ್ಳುವುದರಿಂದ ಅದನ್ನು ಮರೆಮಾಡುವುದೇ ಲೇಸು.

ಹೀಗೆ ಕೈಯಾರೆ ನಿರ್ಧರಿಸುವ ತಾಪತ್ರಯವೇಕೆ, ಅಕ್ಷರಗಳು ಒಂದರ ಮೇಲೊಂದು ಬೀಳದಂತೆ ಯಂತ್ರವೇ ಜಾಗ ಹುಡುಕಲಿ ಎಂಬ ವಾದ ಸಹಜವಾಗಿ ಬರುತ್ತದೆ. ಆ ದಾರಿ ತೋರುವಷ್ಟು ಸುಗಮವಲ್ಲ. 20 ಹೆಸರುಗಳಿಗೆ ಒಂದೊಂದಕ್ಕೂ 4 ಜಾಗಗಳ ಆಯ್ಕೆಯಿದ್ದರೆ ಒಟ್ಟು ಜೋಡಣೆಗಳು ಒಂದು ಲಕ್ಷ ಕೋಟಿಯನ್ನು ಮೀರುತ್ತವೆ. ಹೆಸರುಗಳು ಹೆಚ್ಚಿದಂತೆ ಅತ್ಯುತ್ತಮ ಜೋಡಣೆಯನ್ನು ಖಚಿತವಾಗಿ, ವೇಗವಾಗಿ ಕಂಡುಹಿಡಿಯುವ ಯಾವ ವಿಧಾನವೂ ಗೊತ್ತಿಲ್ಲದ ಲೆಕ್ಕಗಳ ಗುಂಪಿಗೆ ಇದು ಸೇರುತ್ತದೆಂದು 1990ರ ದಶಕದ ಆರಂಭದಲ್ಲೇ ಸಾಬೀತಾಯಿತು. ಅಲ್ಲಿಂದೀಚೆಗೆ ಸಾಕಷ್ಟು ಒಳ್ಳೆಯ ಜೋಡಣೆಯಿಂದ ತೃಪ್ತಿಪಡುವ ವಿಧಾನಗಳು ಬಂದಿವೆ. ಕಾದ ಲೋಹ ಮೆಲ್ಲಗೆ ತಣಿಯುವ ಕ್ರಮವನ್ನು ಅನುಕರಿಸಿ, ಮೊದಲು ಧಾರಾಳವಾಗಿ ಅಲುಗಾಡಿಸಿ ಬರಬರುತ್ತ ಬಿಗಿಗೊಳಿಸುವ ವಿಧಾನ 1995ರ ಒಂದು ಹೋಲಿಕೆಯಲ್ಲಿ ಚೆನ್ನಾಗಿ ಕೆಲಸ ಮಾಡಿತ್ತು. ಹೆಸರುಗಳನ್ನು ಒಂದರಿಂದೊಂದು ದೂರ ತಳ್ಳುವ ಜಿಜಿರೆಪೆಲ್ ಎಂಬ ಉಪಕರಣವನ್ನು ಆರ್ ಭಾಷೆಯ ಬಳಕೆದಾರರು ನೆಚ್ಚಿಕೊಂಡಿದ್ದಾರೆ. ನೂರಾರು ಚುಕ್ಕೆಗಳಿಗೆ ಬರಿಯ ಹೆಸರು ಬರೆಯುವಲ್ಲಿ ಇವು ಉಪಕಾರಿಗಳೆಂಬುದರಲ್ಲಿ ಅನುಮಾನವಿಲ್ಲ. ಆದರೆ ಇವಕ್ಕೆ ತಿಳಿದಿರುವುದು ಆಯತಗಳು ತಾಗುತ್ತವೆಯೇ ಇಲ್ಲವೇ ಎಂಬುದಷ್ಟೇ. ಪ್ಲೇಫೇರನ ಶಿಲ್ಕಿನ ಬರಹವನ್ನು ಗೆರೆಗಳ ನಡುವಿನಿಂದ ಎತ್ತಿ ಮೇಲಿನ ಬಿಳಿಜಾಗಕ್ಕೆ ಒಯ್ದಿಟ್ಟರೆ ಯಂತ್ರದ ಲೆಕ್ಕದಲ್ಲಿ ಅದು ಸುಧಾರಣೆಯೇ. ಹೆಸರು ಬೇರೆ, ಹೇಳಿಕೆ ಬೇರೆ. ಹೆಸರುಗಳನ್ನು ಯಂತ್ರಕ್ಕೆ ಬಿಡಬಹುದು, ಹೇಳಿಕೆಯ ಹಗ್ಗ ಯಾವ ದಿಕ್ಕಿಗೆ ಎಷ್ಟು ಉದ್ದ ಹೋಗಬಹುದೆಂಬ ಎಲ್ಲೆಯನ್ನು ಬರೆದವರೇ ಹಾಕಬೇಕು.

ಟಿಪ್ಪಣಿಯನ್ನು ಅಡಗಿಸಿಟ್ಟು, ಮೌಸ್ ತಂದಾಗ ಮಾತ್ರ ತೋರಿಸುವುದು ಇನ್ನೊಂದು ಪರಿಹಾರವೆಂದು ಬಳಕೆಯಲ್ಲಿದೆ. ಮೊದಲು ಸಮಗ್ರ ನೋಟ, ಆಮೇಲೆ ಹಿಗ್ಗಿಸಿ ಸೋಸುವುದು, ಕೇಳಿದಾಗ ವಿವರ ಎಂದು ಬೆನ್ ಶ್ನೈಡರ್‌ಮನ್ 1996ರಲ್ಲಿ ಹಾಕಿಕೊಟ್ಟ ಕ್ರಮವನ್ನು ಇದಕ್ಕೆ ಸಮರ್ಥನೆಯಾಗಿ ಕೊಡುವುದುಂಟು. ಬಿಂದುವಿನ ನಿಖರ ಅಂಕಿಯಂಥ ವಿವರಕ್ಕೆ ಆ ಕ್ರಮ ಸರಿ. ಗ್ರಾಫು ಹೇಳಬೇಕಾದ ಮುಖ್ಯ ಮಾತನ್ನೇ ಹೀಗೆ ಬಚ್ಚಿಟ್ಟರೆ, ಅದು ಅಲ್ಲಿದೆಯೆಂದು ತಿಳಿಯದವರು ಅದನ್ನು ಕೇಳುವುದಾದರೂ ಹೇಗೆ? ಫೋನಿನಲ್ಲಿ ಮೌಸ್ ಇಲ್ಲ, ಮುಟ್ಟುವ ಬೆರಳು ತಾನು ಮುಟ್ಟಿದ ಬಿಂದುವನ್ನೇ ಮುಚ್ಚುತ್ತದೆ, ಹಾಗೆ ತೆರೆದುಕೊಂಡ ಪೆಟ್ಟಿಗೆ ಪಕ್ಕದ ಗೆರೆಯನ್ನೂ ನುಂಗುತ್ತದೆ. ಜಾಲತಾಣಗಳು ಎಲ್ಲರಿಗೂ ಎಟುಕುವಂತಿರಲು ರೂಪಿಸಿದ ಅಂತರರಾಷ್ಟ್ರೀಯ ಮಾರ್ಗಸೂಚಿಯ 2018ರ ಆವೃತ್ತಿ, ಹೀಗೆ ತೆರೆಯುವ ಮಾತು ಓದುಗರು ಮೌಸನ್ನು ಬೇರೆಡೆಗೆ ಸರಿಸುವವರೆಗೆ ಅಥವಾ ಮುಚ್ಚುವವರೆಗೆ ನಿಲ್ಲಬೇಕು, ಅದರ ಮೇಲೆ ಮೌಸ್ ಒಯ್ದರೆ ಮಾಯವಾಗಬಾರದು, ಬೇಡವೆನಿಸಿದರೆ ಸುಲಭವಾಗಿ ಮುಚ್ಚುವಂತಿರಬೇಕು ಎಂದು ವಿಧಿಸಿದೆ. ಇಂದಿಗೂ ಈ ಮೂರನ್ನೂ ಪಾಲಿಸುವ ಚಾರ್ಟುಗಳನ್ನು ಹುಡುಕಿ ತೆಗೆಯಬೇಕಾಗುತ್ತದೆ.

ಇಷ್ಟು ಎಲ್ಲ ಭಾಷೆಗಳಿಗೂ ಸಾಮಾನ್ಯ. ಟಿಪ್ಪಣಿಯನ್ನು ಕನ್ನಡದಲ್ಲಿ ಬರೆಯಹೊರಟವರಿಗೆ ಮಾತ್ರ ಎದುರಾಗುವ ತೊಡಕುಗಳು ಬೇರೆಯೇ ಇವೆ, ಅವುಗಳ ಕುರಿತು ಬರಹಗಳು ವಿರಳ. ಚಾರ್ಟ್ ತಂತ್ರಾಂಶಗಳ ಅಳತೆಗಳೆಲ್ಲ ರೋಮನ್ ಲಿಪಿಯ ಮೈಕಟ್ಟಿಗೆ ಹೊಲಿದ ಅಂಗಿಗಳು. ಗೆರೆಯ ಹೆಸರನ್ನು ಗೆರೆಯ ಮೇಲ್ಗಡೆ ಬರೆಯುವುದು ಮೇಲು ಎಂದು ಇಮ್‌ಹೋಫ್ ಹೇಳಿದ್ದಕ್ಕೆ ಕಾರಣ, ಆ ಲಿಪಿಯಲ್ಲಿ ಮೇಲಕ್ಕೆ ಚಾಚುವ ಅಕ್ಷರಗಳಿಗಿಂತ ಕೆಳಕ್ಕೆ ಇಳಿಯುವ ಅಕ್ಷರಗಳು ಕಡಿಮೆಯೆಂಬುದು. ಹೀಗಾಗಿ ಸಾಲಿನ ಕೆಳ ಅಂಚು ನಯವಾಗಿದ್ದು ಗೆರೆಗೆ ಹತ್ತಿರ ಕೂರುತ್ತದೆ. ಕನ್ನಡದಲ್ಲಿ ತಲೆಕಟ್ಟು ಮತ್ತು ಗುಡಿಸುಗಳು ಮೇಲಿದ್ದರೂ ಅವು ಅಕ್ಷರದ ಮೈಗೆ ಅಂಟಿಕೊಂಡಿರುತ್ತವೆ. ನೇತಾಡುವುದು ಒತ್ತಕ್ಷರಗಳು, ಅದೂ ಕೆಳಗೆ. ‘ರಾಷ್ಟ್ರ’ ಎಂಬ ಪದದಲ್ಲಿ ಷಕಾರದ ಅಡಿಯಲ್ಲಿ ಎರಡೆರಡು ಒತ್ತುಗಳಿವೆ. ಗೆರೆಯ ಮೇಲ್ಗಡೆ ಒತ್ತಾಗಿ ಕೂರಿಸಿದರೆ ಇವು ಗೆರೆಯೊಳಗೆ ಇಳಿದು ಎರಡೂ ಕಾಣದಂತಾಗುತ್ತವೆ. ಎರಡು ಸಾಲಿನ ಟಿಪ್ಪಣಿಯಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಗಲುತ್ತದೆ, ಆದುದರಿಂದ ಸಾಲುಗಳ ನಡುವಿನ ತೆರಪನ್ನು ರೋಮನ್ ಲಿಪಿಗೆ ಬೇಕಾದುದಕ್ಕಿಂತ ಸಾಕಷ್ಟು ಹೆಚ್ಚಿಸಲೇಬೇಕು. ಗೆರೆಯ ಹೆಸರನ್ನು ಕನ್ನಡದಲ್ಲಿ ಕೆಳಗಡೆ ಬರೆಯುವುದೇ ಎಷ್ಟೋ ಕಡೆ ವಾಸಿ.

ಅಕ್ಷರಗಳ ಎಣಿಕೆಯಲ್ಲಿ ಇನ್ನೂ ದೊಡ್ಡ ಎಡವಟ್ಟಿದೆ. ಓದುವವರಿಗೆ ‘ಸ್ತ್ರೀ’ ಒಂದೇ ಅಕ್ಷರ. ಗಣಕದ ಸಂಕೇತದಲ್ಲಿ ಅದು ಸಕಾರ, ವಿರಾಮ, ತಕಾರ, ವಿರಾಮ, ರಕಾರ, ದೀರ್ಘ ಈಕಾರ ಎಂಬ ಆರು ತುಂಡು. ಟಿಪ್ಪಣಿ ಉದ್ದವಾದರೆ ಇಂತಿಷ್ಟು ಅಕ್ಷರಗಳಿಗೊಮ್ಮೆ ಸಾಲು ಮುರಿಯಬೇಕೆಂಬ ಸರಳ ನಿಯಮವನ್ನು ಇಟ್ಟುಕೊಂಡ ತಂತ್ರಾಂಶ ಈ ತುಂಡುಗಳನ್ನೇ ಅಕ್ಷರಗಳೆಂದು ಎಣಿಸಿ, ಅಗಲವನ್ನು ನಿಜಕ್ಕಿಂತ ಬಹಳ ಹೆಚ್ಚೆಂದು ಅಂದಾಜು ಮಾಡುತ್ತದೆ, ಕೆಲವೊಮ್ಮೆ ಒತ್ತಕ್ಷರದ ನಡುವೆಯೇ ಕತ್ತರಿ ಹಾಕಿ ಮೇಲಿನ ಸಾಲಿನ ಕೊನೆಯಲ್ಲಿ ಅರ್ಧ ವ್ಯಂಜನವನ್ನು ಉಳಿಸುತ್ತದೆ. ಅಂದಾಜನ್ನು ಬಿಟ್ಟು, ಬರೆದ ಪದ ಪರದೆಯ ಮೇಲೆ ನಿಜವಾಗಿ ಎಷ್ಟು ಜಾಗ ಹಿಡಿಯಿತೆಂದು ಬ್ರೌಸರನ್ನೇ ಕೇಳುವುದು ಸರಿಯಾದ ಮಾರ್ಗ. ಅಲ್ಲಿಯೂ ಒಂದು ಎಚ್ಚರ ಬೇಕು: ನೋಟೋ ಸಾನ್ಸ್ ಕನ್ನಡದಂಥ ಫಾಂಟು ಜಾಲದಿಂದ ಇಳಿದು ಬರುವ ಮೊದಲೇ ಅಳೆದರೆ ಸಿಗುವುದು ಸಾಧನದಲ್ಲಿದ್ದ ಯಾವುದೋ ಬೇರೆ ಫಾಂಟಿನ ಅಳತೆ, ಅದರ ಮೇಲೆ ಜೋಡಿಸಿದ ಟಿಪ್ಪಣಿಗಳು ಅರೆಕ್ಷಣದ ನಂತರ ಹೊಸ ಫಾಂಟು ಬಂದಾಗ ಒಂದರ ಮೈಮೇಲೊಂದು ಬೀಳುತ್ತವೆ. ಪ್ಲೇಫೇರನಂತೆ ಅಕ್ಷರಗಳನ್ನು ಗೆರೆಯ ಬಾಗಿನೊಂದಿಗೆ ಬಾಗಿಸುವ ಸೊಗಸನ್ನಂತೂ ಕನ್ನಡದಲ್ಲಿ ಸದ್ಯಕ್ಕೆ ಕೈಬಿಡುವುದೇ ಒಳ್ಳೆಯದು; ಬಾಗಿದ ಹಾದಿಯಲ್ಲಿ ಒತ್ತುಗಳು ತಮ್ಮ ತಾಯಕ್ಷರದಿಂದ ಓರೆಯಾಗುತ್ತವೆ.

ವಾಕ್ಯರಚನೆಗೂ ಜಾಗಕ್ಕೂ ಸಂಬಂಧವಿದೆ. ಇಂಗ್ಲಿಷ್ ಟಿಪ್ಪಣಿಯಲ್ಲಿ ಕರ್ತೃ ಮತ್ತು ಕ್ರಿಯಾಪದಗಳು ಮೊದಲೇ ಬಂದು ಕಾರಣ ಹಿಂದೆ ಉಳಿಯುವುದರಿಂದ, ಬಿಂದುವಿನ ಬಲಗಡೆ ಬರೆದ ಸಾಲಿನ ಮುಖ್ಯ ಭಾಗ ಬಿಂದುವಿಗೆ ಹತ್ತಿರವಿರುತ್ತದೆ. ‘ಲಾವಾ ಹರಿದು ವಿದ್ಯುತ್ ಕಡಿತವಾದ್ದರಿಂದ ಅಳತೆ ನಿಂತಿತು’ ಎಂಬ ಕನ್ನಡ ವಾಕ್ಯದಲ್ಲಿ ಕಾರಣ ಮುಂದೆ, ಘಟನೆ ಕೊನೆಗೆ. ಇದನ್ನು ಬಿಂದುವಿನ ಎಡಗಡೆ, ಸಾಲಿನ ಬಲ ಅಂಚು ಬಿಂದುವಿಗೆ ತಾಗುವಂತೆ ಬರೆದರೆ ‘ಅಳತೆ ನಿಂತಿತು’ ಎಂಬುದು ಗೆರೆ ನಿಂತ ಜಾಗದ ಪಕ್ಕದಲ್ಲೇ ಬಂದು ನಿಲ್ಲುತ್ತದೆ. ಬಲಮೇಲ್ಭಾಗವೇ ಶ್ರೇಷ್ಠವೆಂಬ ನಿಯಮ ಊರಿನ ಹೆಸರಿಗೆ ಸರಿಯಿರಬಹುದು, ಕ್ರಿಯಾಪದದಲ್ಲಿ ಮುಗಿಯುವ ಭಾಷೆಯ ಪೂರ್ಣ ವಾಕ್ಯಕ್ಕೆ ಅದನ್ನು ಕಣ್ಣುಮುಚ್ಚಿ ಒಪ್ಪಬೇಕಿಲ್ಲ.

ಈ ಇಡೀ ಪ್ರಯಾಸಕ್ಕೆ ಒಂದು ಗಂಭೀರ ಆಕ್ಷೇಪವಿದೆ. ಇಂಟರಾಕ್ಟಿವ್ ಚಾರ್ಟಿನ ಉದ್ದೇಶವೇ ಓದುಗರು ತಮ್ಮ ಪ್ರಶ್ನೆಯನ್ನು ತಾವೇ ಕೇಳಿ ಉತ್ತರ ಕಂಡುಕೊಳ್ಳುವುದಾಗಿರುವಾಗ, ರಚನಕಾರರ ಮಾತನ್ನು ಗೆರೆಯ ಮೇಲೆ ಹೇರುವುದು ಅವರ ಕಣ್ಣನ್ನು ಒಂದು ಕಡೆಗೆ ಎಳೆದಂತಲ್ಲವೇ? ಎಳೆಯುತ್ತದೆಂಬುದು ನಿಜ. ಕಣ್ಣಿನ ಚಲನೆಯನ್ನು ದಾಖಲಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ನೋಡುವವರು ಚಿತ್ರದಷ್ಟೇ ಅದರ ಶೀರ್ಷಿಕೆ ಮತ್ತು ಬರಹಗಳ ಮೇಲೂ ಕಣ್ಣು ನೆಟ್ಟು, ನಂತರ ನೆನಪಿನಿಂದ ವಿವರಿಸುವಾಗ ಆ ಬರಹವನ್ನೇ ಆಧರಿಸಿದ್ದು ಕಂಡುಬಂದಿದೆ. ಆದರೆ ಟಿಪ್ಪಣಿಯಿಲ್ಲದ ಗ್ರಾಫು ತಟಸ್ಥವೆಂಬ ನಂಬಿಕೆಗೆ ಆಧಾರವಿಲ್ಲ; ಲಂಬ ಅಕ್ಷವನ್ನು 0ಯಿಂದ ಆರಂಭಿಸುವುದೋ 310ರಿಂದಲೋ ಎಂಬ ತೀರ್ಮಾನದಲ್ಲಿಯೇ ಕೀಲಿಂಗ್ ಗೆರೆ ಮೆಲ್ಲನೆಯ ಏರುದಾರಿಯಾಗಿಯೋ ಕಡಿದಾದ ಬೆಟ್ಟವಾಗಿಯೋ ಕಾಣುತ್ತದೆ, ಆ ತೀರ್ಮಾನ ಮಾಡಿದವರು ಯಾರೆಂದು ಗ್ರಾಫು ಹೇಳುವುದಿಲ್ಲ. ಟಿಪ್ಪಣಿಯಾದರೋ ತಾನು ಒಬ್ಬರ ಮಾತೆಂದು ತೋರಿಸಿಕೊಂಡೇ ನಿಲ್ಲುತ್ತದೆ, ಒಪ್ಪದವರು ಎದುರಾಡಲು ಅಲ್ಲೊಂದು ವಾಕ್ಯವಾದರೂ ಇರುತ್ತದೆ. ಆಕ್ಷೇಪದಲ್ಲಿ ಉಳಿಯುವ ಸತ್ಯಾಂಶ ಬೇರೆ: ಓದುಗರು ದತ್ತಾಂಶವನ್ನು ಸೋಸಿದ ಮೇಲೂ ಹಳೆಯ ಹೇಳಿಕೆ ಹಾಗೆಯೇ ಉಳಿದರೆ ಅದು ಆಧಾರ ಕಳೆದುಕೊಂಡ ಹೇಳಿಕೆ. ‘1958ರಿಂದ ಒಂದು ವರ್ಷವೂ ಇಳಿಯದೆ ಏರಿದೆ’ ಎಂಬ ಮಾತು, 2000ದ ನಂತರದ ವರ್ಷಗಳನ್ನಷ್ಟೇ ಉಳಿಸಿಕೊಂಡವರ ಪರದೆಯಲ್ಲಿ ಸುಳ್ಳಲ್ಲದಿದ್ದರೂ ಸಾಕ್ಷಿಯಿಲ್ಲದ್ದು; ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಮಾತ್ರ ಹಿಗ್ಗಿಸಿಕೊಂಡವರ ಪರದೆಯಲ್ಲಿ ಅದು ಕಣ್ಣೆದುರಿನ ಇಳಿಜಾರಿಗೆ ವಿರುದ್ಧ. ಸಲ್ಲುವ ಎಲ್ಲೆಯನ್ನು ಟಿಪ್ಪಣಿಯೊಂದಿಗೇ ಬರೆದಿಟ್ಟಿದ್ದರೆ, ಆ ಎಲ್ಲೆ ಮೀರಿದ ನೋಟದಲ್ಲಿ ಅದು ತಾನಾಗಿ ಹಿಂದೆ ಸರಿಯುತ್ತದೆ, ಅಥವಾ ಮಸುಕಾಗಿ ತಾನು ಯಾವ ಅವಧಿಯ ಮಾತೆಂದು ತಿಳಿಸುತ್ತದೆ.

ಕೀಲಿಂಗ್ ಗೆರೆಯಲ್ಲಿ ಇಂಥ ಎಲ್ಲೆಯನ್ನು ಬೇಡುವ ಎರಡು ಜಾಗಗಳಿವೆ. ಹಣದ ಅಭಾವದಿಂದ 1964ರ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಅಳತೆಯೇ ನಡೆಯಲಿಲ್ಲ. 2022ರ ನವೆಂಬರ್ ಕೊನೆಯಲ್ಲಿ ಮೌನಾ ಲೋವಾ ಸ್ಫೋಟಿಸಿ ವೀಕ್ಷಣಾಲಯದ ವಿದ್ಯುತ್ತು ಕಡಿತವಾದ ಮೇಲೆ, ಡಿಸೆಂಬರಿನಿಂದ ಮುಂದಿನ ಜುಲೈ ಆರಂಭದವರೆಗಿನ ನೋವಾದ ಅಂಕಿಗಳು ಅಲ್ಲಿಂದ ಸುಮಾರು 34 ಕಿಲೋಮೀಟರ್ ಉತ್ತರಕ್ಕಿರುವ ಮೌನಾ ಕೇಯಾ ಶಿಖರದಿಂದ ಬಂದವು. ಇಡೀ ಅವಧಿಯನ್ನು 360 ಪಿಕ್ಸೆಲ್ಲಿಗೆ ಹೊಂದಿಸಿದಾಗ ಮೊದಲನೆಯ ತೆರಪು ಒಂದು ಪಿಕ್ಸೆಲ್ಲಿಗಿಂತ ತುಸು ಹೆಚ್ಚು, ಎರಡನೆಯದು ಸುಮಾರು ಮೂರು. ಆ ನೋಟದಲ್ಲಿ ಅವುಗಳ ಮೇಲೆ ಬಾಣವಿಟ್ಟರೆ ಬಾಣದ ತಲೆಯೇ ಘಟನೆಗಿಂತ ಅಗಲವಾಗಿ, ಅರುವತ್ತು ವರ್ಷಗಳ ಏರಿಕೆಯ ಮುಂದೆ ಸಣ್ಣದೊಂದು ಅಡಚಣೆ ಮುಖ್ಯ ಸುದ್ದಿಯಂತೆ ಕಾಣುತ್ತದೆ. ಹತ್ತು ವರ್ಷಕ್ಕೆ ಹಿಗ್ಗಿಸಿದಾಗ ಅದೇ ಏಳು ತಿಂಗಳು ಇಪ್ಪತ್ತು ಪಿಕ್ಸೆಲ್ ಅಗಲದ ಪಟ್ಟಿಯಾಗುತ್ತದೆ. ಒಂದು ಬಿಂದುವಿಗೆ ಕಟ್ಟದೆ ಆರಂಭದ ಮತ್ತು ಕೊನೆಯ ದಿನಾಂಕಗಳೆರಡಕ್ಕೂ ಗೂಟ ಹೊಡೆದು, ತೆಳುವಾದ ಬಣ್ಣ ಹಚ್ಚಿ, ಎಡಕ್ಕೆ ಸಾಕಷ್ಟು ಜಾಗವಿರುವುದರಿಂದ ಅಲ್ಲಿ ‘ಈ ಅಂಕಿಗಳು ಮೌನಾ ಕೇಯಾದವು’ ಎಂದು ಬರೆಯಲು ಆಗ ಎಡೆ ಸಿಗುತ್ತದೆ.